ಸಾವಿನ ಪತ್ರ ಬಂದಾಗ ಸಭೆ ನಕ್ಕಿದ್ದೇಕೆ? 'ಫೋರ್ ಸನ್ಸ್' ಮೂಕಿ ಚಿತ್ರ ತೋರಿಸುವವರಿಗೆ ಒಂದು ಉತ್ತರ

ಪ್ರಶ್ನೆ: ಧಾರವಾಡದ ಕಾಲೇಜೊಂದರಲ್ಲಿ ಚಲನಚಿತ್ರ ಸಂಘ ನೋಡಿಕೊಳ್ಳುವ ಉಪನ್ಯಾಸಕ ನಾನು. ಹೋದ ತಿಂಗಳು ಜಾನ್ ಫೋರ್ಡ್ ನಿರ್ದೇಶನದ 1928ರ 'ಫೋರ್ ಸನ್ಸ್' ಹಾಕಿದ್ದೆವು. ಮೊದಲನೇ ಮಹಾಯುದ್ಧದಲ್ಲಿ ನಾಲ್ವರು ಮಕ್ಕಳ ಪೈಕಿ ಮೂವರನ್ನು ಕಳೆದುಕೊಳ್ಳುವ, ಜರ್ಮನಿಯ ಬವೇರಿಯಾದ ಹಳ್ಳಿಯ ತಾಯಿಯ ಕಥೆ. ಇಂಟರ್ನೆಟ್‌ನಿಂದ ಇಳಿಸಿಕೊಂಡ ಫೈಲು 80 ನಿಮಿಷಕ್ಕೆ ಮುಗಿಯಿತು. ಸೈನಿಕರು ಕೀಲಿ ಕೊಟ್ಟ ಗೊಂಬೆಗಳ ಹಾಗೆ ಟಪಟಪನೆ ನಡೆದರು. ಅಂಚೆಯವನು ಸಾವಿನ ಪತ್ರ ತರುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು, ಜೊತೆಗೆ ಕುಣಿಯುವ ಪಿಯಾನೊ ಬೇರೆ. ದೃಶ್ಯಗಳ ನಡುವೆ ಮಾತು ತೋರಿಸುವ ಬರಹದ ಕಾರ್ಡುಗಳಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ಕಾಣಿಸಲೇ ಇಲ್ಲ. ನವೆಂಬರ್ 11ಕ್ಕೆ ಪಾಲಕರನ್ನೂ ಕರೆದು ಮತ್ತೊಮ್ಮೆ ತೋರಿಸಬೇಕೆಂದಿದೆ. ಮೂಕಿ ಚಿತ್ರಗಳೆಲ್ಲ ಸೆಕೆಂಡಿಗೆ 16 ಬಿಡಿಚಿತ್ರದ, ಅಂದರೆ 16 ಫ್ರೇಮ್‌ನವು, ಅಷ್ಟಕ್ಕೆ ನಿಧಾನ ಮಾಡಿ ಎನ್ನುತ್ತಾರೆ ಒಬ್ಬ ಸಹೋದ್ಯೋಗಿ. ಕೊನೆಯಲ್ಲಿ ತಾಯಿ ಅಮೆರಿಕಕ್ಕೆ ಹೋಗುವ ಭಾಗ ಬರೀ ಎಳೆದಾಟ, ಕತ್ತರಿಸಿಬಿಡಿ ಎನ್ನುತ್ತಾರೆ ಇನ್ನೊಬ್ಬರು. ನಮ್ಮವರೇ ಪಿಟೀಲು, ತಬಲಾ ನುಡಿಸಬಹುದೇ? ಕಾರ್ಡುಗಳನ್ನು ಕನ್ನಡಕ್ಕೆ ತರುವುದು ಹೇಗೆ? ಹಕ್ಕುಗಳ ತಕರಾರು ಬರುತ್ತದೆಯೇ?

ಉತ್ತರ: ಸುಮಾರು ನೂರು ವರ್ಷದ ಚಿತ್ರ ಇವತ್ತಿನ ಹುಡುಗರಿಗೆ ನಾಟುವುದೇ ಇಲ್ಲವೇನೋ ಎಂಬ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಆ ತೀರ್ಮಾನಕ್ಕೆ ಈಗಲೇ ಬರಬೇಡಿ. ಅವತ್ತು ನಿಮ್ಮ ಪರದೆಯ ಮೇಲೆ ಓಡಿದ್ದು ಫೋರ್ಡ್ ಮಾಡಿದ ಚಿತ್ರಕ್ಕಿಂತ ಕಾಲು ಪಾಲು ಹೆಚ್ಚು ವೇಗದ, ಮೇಲೆ ಕೆಳಗೆ ಸೇರಿ ಕಾಲು ಪಾಲಾದರೂ ಕತ್ತರಿಸಿಹೋದ, ಯಾರೋ ಸಂಬಂಧವಿಲ್ಲದ ಪಿಯಾನೊ ಅಂಟಿಸಿದ ಚಿತ್ರ. ನಕ್ಕವರ ತಪ್ಪಿಲ್ಲ. ಸರಿಪಡಿಸುವುದಕ್ಕೆ ಒಂದು ಕ್ರಮವಿದೆ: ಮೊದಲು ವೇಗ, ಆಮೇಲೆ ಚೌಕಟ್ಟು, ಆಮೇಲೆ ಬರಹ, ಕೊನೆಗೆ ಸಂಗೀತ. ಈ ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಎರಡು ಸಲ ಮಾಡಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 80 ನಿಮಿಷ ಎಂಬ ಸಂಖ್ಯೆ. ಈ ಚಿತ್ರದ ಅವಧಿ ಸುಮಾರು 100 ನಿಮಿಷ. ಸೆಕೆಂಡಿಗೆ 24 ಫ್ರೇಮ್‌ನ ಚಿತ್ರವನ್ನು ಸೆಕೆಂಡಿಗೆ 30 ಫ್ರೇಮ್ ಓಡುವ ಅಮೆರಿಕದ ವಿಡಿಯೊಗೆ ಒಂದಕ್ಕೊಂದು ಫ್ರೇಮ್ ಜೋಡಿಸಿ ಇಳಿಸಿದರೆ ಏನಾಗುತ್ತದೆ? 100ನ್ನು 24ರಿಂದ ಗುಣಿಸಿ 30ರಿಂದ ಭಾಗಿಸಿ, ಸರಿಯಾಗಿ 80 ಬರುತ್ತದೆ. ಹೀಗೆ ಇಳಿಸಿದ ಫೈಲುಗಳು ಬೇಕಾದಷ್ಟು ಓಡಾಡುತ್ತಿವೆ. ಆದರೆ 20 ನಿಮಿಷ ಕತ್ತರಿಸಿಹೋದ ಪ್ರತಿಯೂ 80 ನಿಮಿಷವೇ ಇರುತ್ತದೆ, ಹಾಗಾಗಿ ಲೆಕ್ಕ ಒಂದನ್ನೇ ನಂಬಬೇಡಿ. ಸೈನಿಕರು ಸಾಲಾಗಿ ನಡೆಯುವ ದೃಶ್ಯ ಹಾಕಿ, ಗಡಿಯಾರ ಹಿಡಿದು 10 ಸೆಕೆಂಡಿನಲ್ಲಿ ಎಷ್ಟು ಹೆಜ್ಜೆ ಬೀಳುತ್ತವೆ ಎಣಿಸಿ. ಕವಾಯತಿನ ನಡಿಗೆ ನಿಮಿಷಕ್ಕೆ ಹೆಚ್ಚುಕಡಿಮೆ 110ರಿಂದ 120 ಹೆಜ್ಜೆ, ಅಂದರೆ 10 ಸೆಕೆಂಡಿಗೆ 18ರಿಂದ 20. ನಿಮಗೆ 23, 25 ಬಂದರೆ ವೇಗದ ದೋಷ. 19 ಬಂದರೆ ವೇಗ ಸರಿಯಿದೆ, ಚಿತ್ರವೇ ತುಂಡಾಗಿದೆ. ಆ ಫೈಲನ್ನು ಬಿಟ್ಟು ಬೇರೆ ಪ್ರತಿ ಹುಡುಕಬೇಕು. ಒಂದೇ ದೃಶ್ಯ ನೋಡಿ ತೀರ್ಮಾನಿಸಬೇಡಿ. ನೀರು ಸುರಿಯುವುದು, ಟೊಪ್ಪಿ ಕೆಳಗೆ ಬೀಳುವುದು, ಮುದುಕಿಯೊಬ್ಬಳು ಕುರ್ಚಿಯಿಂದ ಏಳುವುದು, ಇಂಥ ಮೂರು ನಾಲ್ಕು ಕಡೆ ನೋಡಿ.

ವೇಗದ ದೋಷವೇ ಆದರೆ ಮದ್ದು ಸುಲಭ. ವಿಎಲ್‌ಸಿ ಪ್ಲೇಯರ್‌ನ ಪ್ಲೇಬ್ಯಾಕ್ ಮೆನುವಿನಲ್ಲಿ ವೇಗವನ್ನು 0.80ಕ್ಕೆ ಇಳಿಸಿ ನೋಡಿ. ಪರೀಕ್ಷೆಗೆ ಇಷ್ಟು ಸಾಕು. ಪ್ರದರ್ಶನದ ದಿನ ಇದನ್ನು ನೆಚ್ಚಿಕೊಳ್ಳಬೇಡಿ. ಯಾರೋ ಒಂದು ಕೀಲಿ ಒತ್ತಿದರೆ ವೇಗ ಮತ್ತೆ 1ಕ್ಕೆ ಹಾರುತ್ತದೆ. ಎಡಿಟಿಂಗ್ ತಂತ್ರಾಂಶ ಬಲ್ಲ ವಿದ್ಯಾರ್ಥಿಯೊಬ್ಬರಿಂದ ಅವಧಿಯನ್ನು 1.25 ಪಟ್ಟು ಮಾಡಿಸಿ, ಧ್ವನಿ ತೆಗೆಸಿ, ಹೊಸ ಫೈಲು ಮಾಡಿಸಿಕೊಳ್ಳಿ. ಹಾಗೆ ಮಾಡುವಾಗ 'ಫ್ರೇಮ್ ಬ್ಲೆಂಡಿಂಗ್' ಆಯ್ಕೆ ಆಫ್ ಆಗಿರಲಿ. ಇಲ್ಲದಿದ್ದರೆ ಒಂದು ಫ್ರೇಮಿನ ಕೈ ಇನ್ನೊಂದರ ಕೈಯ ಮೇಲೆ ದೆವ್ವದ ಹಾಗೆ ಮೂಡುತ್ತದೆ. ಪ್ರೊಜೆಕ್ಟರ್ ಅಥವಾ ದೊಡ್ಡ ಟಿವಿಯಲ್ಲಿ ಚಲನೆಯನ್ನು ನಯಗೊಳಿಸುವ 'ಮೋಷನ್ ಸ್ಮೂತಿಂಗ್' ಇದ್ದರೆ ಅದನ್ನೂ ಆಫ್ ಮಾಡಿ. ನಿಮ್ಮ ಪ್ರತಿ 96 ನಿಮಿಷದ್ದಾಗಿದ್ದರೆ ನಾನು ಚಿಂತಿಸುತ್ತಿರಲಿಲ್ಲ. ಅದು ಯುರೋಪಿನ 25 ಫ್ರೇಮ್ ವಿಡಿಯೊದ ನೂರಕ್ಕೆ 4ರ ವ್ಯತ್ಯಾಸ, ಕಣ್ಣಿಗೆ ಬೀಳುವುದಿಲ್ಲ.

ಇನ್ನು 16 ಫ್ರೇಮ್‌ನ ಮಾತು. ಅದಕ್ಕೂ ಒಂದು ಬೇರಿದೆ. ಕೈಯಿಂದ ತಿರುಗಿಸುವ ಕ್ಯಾಮೆರಾದ ಹಿಡಿ ಒಂದು ಸುತ್ತು ಬಂದರೆ 8 ಫ್ರೇಮ್, ಸೆಕೆಂಡಿಗೆ ಎರಡು ಸುತ್ತು ಎಂದರೆ 16. ಮೊದಲ ವರ್ಷಗಳಲ್ಲಿ ಇದು ರೂಢಿ. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮ್ ಇರುವುದರಿಂದ ಸಾವಿರ ಅಡಿಯ ರೀಲು 16ರ ವೇಗದಲ್ಲಿ 16 ನಿಮಿಷ 40 ಸೆಕೆಂಡು, 20ರಲ್ಲಿ 13 ನಿಮಿಷ 20 ಸೆಕೆಂಡು, 24ರಲ್ಲಿ 11 ನಿಮಿಷ ಚಿಲ್ಲರೆ ಓಡುತ್ತದೆ. 1920ರ ದಶಕ ಮುಗಿಯುವ ಹೊತ್ತಿಗೆ ವೇಗ ಏರುತ್ತಾ ಬಂದು 24ರ ಹತ್ತಿರ ನಿಂತಿತ್ತು. 'ಫೋರ್ ಸನ್ಸ್' ವಿಷಯದಲ್ಲಂತೂ ಊಹೆಗೆ ಜಾಗವೇ ಇಲ್ಲ. ಫಾಕ್ಸ್ ಕಂಪನಿ ಇದನ್ನು ಮೂವಿಟೋನ್ ಪದ್ಧತಿಯಲ್ಲಿ, ಸಂಗೀತ ಮತ್ತು ಸದ್ದುಗಳನ್ನು ಫಿಲ್ಮಿನ ಅಂಚಿನಲ್ಲೇ ಮುದ್ರಿಸಿ ಬಿಡುಗಡೆ ಮಾಡಿತು. ಅಂಚಿನ ಧ್ವನಿಪಟ್ಟಿ ಸರಿಯಾಗಿ ನುಡಿಯಬೇಕಾದರೆ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ ಸೆಕೆಂಡಿಗೆ 24 ಫ್ರೇಮ್ ಓಡಲೇಬೇಕು. ಮಾತು ಕಾರ್ಡಿನ ಮೇಲೆ, ಸಂಗೀತ ಫಿಲ್ಮಿನ ಮೇಲೆ: ಮೂಕಿ ಮತ್ತು ಟಾಕಿಯ ನಡುವಿನ ಹೊಸ್ತಿಲಲ್ಲಿ ನಿಂತ ಚಿತ್ರ ಇದು. ನಿಮ್ಮ ಸಹೋದ್ಯೋಗಿಯ ಮಾತು ಕೇಳಿ 16ಕ್ಕೆ ಇಳಿಸಿದರೆ 100 ನಿಮಿಷದ್ದು 150 ಆಗುತ್ತದೆ, ಪಾತ್ರಗಳೆಲ್ಲ ನೀರಿನೊಳಗೆ ನಡೆದಂತೆ ಕಾಣುತ್ತವೆ. ಆಗ ನಗು ಬರುವುದಿಲ್ಲ, ನಿದ್ದೆ ಬರುತ್ತದೆ.

ಒಂದು ಎಚ್ಚರಿಕೆ: 1940ರಲ್ಲಿ ಇದೇ ಹೆಸರಿನ ಟಾಕಿ ಬಂದಿದೆ. ಅದರ ಕಥೆ ನಡೆಯುವುದು ಚೆಕ್ ನಾಡಿನಲ್ಲಿ. ಹೊಸ ಪ್ರತಿ ಹುಡುಕುವಾಗ ಅದು ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಚೌಕಟ್ಟಿಗೆ ಬರೋಣ. ಕಾರ್ಡುಗಳ ಮೇಲಿನ ಕೆಳಗಿನ ಸಾಲು ಕಾಣಲಿಲ್ಲ ಎಂದಿರಿ. ಅದರ ಅರ್ಥ, ನಿಮ್ಮ ಪ್ರೊಜೆಕ್ಟರ್ ಹಳೆಯ ಚೌಕ ಚಿತ್ರವನ್ನು ಅಗಲ ಪರದೆ ತುಂಬುವ ಹಾಗೆ ಹಿಗ್ಗಿಸಿ, ಉಳಿದದ್ದನ್ನು ಆಚೆ ತಳ್ಳಿದೆ. ಮೂಕಿ ಚಿತ್ರದ ಅಗಲ ಎತ್ತರದ 1.33 ಪಟ್ಟು, ಇವತ್ತಿನ ಪರದೆಯದು 1.78 ಪಟ್ಟು. ಅಗಲ ತುಂಬಿಸಿದರೆ ಎತ್ತರದಲ್ಲಿ ಕಾಲು ಭಾಗ ಹೋಯಿತು. ಮೂವಿಟೋನ್ ಪ್ರತಿಯಲ್ಲಿ ಧ್ವನಿಪಟ್ಟಿಗೆ ಒಂದು ಪಕ್ಕ ಬಿಟ್ಟುಕೊಟ್ಟು ಚಿತ್ರ ಇನ್ನೂ ಚೌಕ, 1.2ರ ಆಸುಪಾಸು. ಅದರಲ್ಲಿ ಮೂರರಲ್ಲೊಂದು ಭಾಗವೇ ನಷ್ಟ. ಹೋಗುವುದು ಬರಹ ಮಾತ್ರ ಅಲ್ಲ, ನಿಂತವರ ನೆತ್ತಿ, ಕೂತವರ ಕೈಯಲ್ಲಿರುವ ಕಾಗದ ಕೂಡ ಹೋಗುತ್ತದೆ. ಈ ಚಿತ್ರದಲ್ಲಿ ಆ ಕಾಗದವೇ ಕಥೆ. ಪ್ರೊಜೆಕ್ಟರ್‌ನಲ್ಲಿ '4:3' ಅಥವಾ 'ಒರಿಜಿನಲ್' ಆರಿಸಿ. ಎಡಬಲಕ್ಕೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಯಾರಾದರೂ 'ಸರ್, ಸ್ಕ್ರೀನ್ ಖಾಲಿ ಉಳೀತು' ಎಂದು ರಿಮೋಟ್ ಎತ್ತಿಕೊಂಡರೆ ಕಿತ್ತುಕೊಳ್ಳಿ. ಸಾಧ್ಯವಾದರೆ ಕಪ್ಪು ಬಟ್ಟೆಯ ಎರಡು ಪಟ್ಟಿ ಇಳಿಬಿಟ್ಟು ಪರದೆಯನ್ನೇ ಚಿತ್ರದ ಅಳತೆಗೆ ತಂದರೆ ಈ ಮಾತೇ ಏಳುವುದಿಲ್ಲ.

ಬರಹಕ್ಕೆ ಮೂರು ದಾರಿ. ಇಂಗ್ಲಿಷ್ ಕಾರ್ಡು ತೆಗೆದು ಕನ್ನಡದ ಕಾರ್ಡು ಹಾಕುವುದು ನೋಡಲು ಚೆಂದ, ಆದರೆ ಒಂದು ಕಾರ್ಡಿಗೆ ಅರ್ಧ ಸೆಕೆಂಡು ಹೆಚ್ಚುಕಡಿಮೆಯಾದರೂ ಕೊನೆಗೆ ಇಡೀ ಚಿತ್ರದ ಲಯ ಜಾರಿರುತ್ತದೆ. ಎರಡನೆಯದು ಇಂಗ್ಲಿಷ್ ಕಾರ್ಡಿನ ಕೆಳಗೆ ಕನ್ನಡ ಸಬ್‌ಟೈಟಲ್. ಮೂರನೆಯದು ಸಭೆಯಲ್ಲೇ ಒಬ್ಬರು ಓದಿ ಹೇಳುವುದು. ಇದನ್ನು ಹಳ್ಳಿಗಾಡಿನ ಜುಗಾಡು ಎಂದುಕೊಳ್ಳಬೇಡಿ. ಭಾರತದ ಮೂಕಿ ಕಾಲದಲ್ಲಿ ಹಲವು ಭಾಷೆಯ ಕಾರ್ಡುಗಳಿದ್ದೂ ಓದಲು ಬಾರದವರಿಗಾಗಿ ಟಾಕೀಸಿನಲ್ಲಿ ಗಟ್ಟಿಯಾಗಿ ಓದಿ ಹೇಳುವವರಿದ್ದರು. ಪಾಲಕರು ಬರುವುದರಿಂದ ನಿಮಗೆ ನನ್ನ ಸಲಹೆ ಮೂರನೆಯದು, ಆಸರೆಗೆ ಎರಡನೆಯದೂ ಇರಲಿ.

ಸಬ್‌ಟೈಟಲ್ ಮಾಡುವವರು ಕನ್ನಡದಲ್ಲಿ ಪದ ಎಣಿಸಬಾರದು, ಅಕ್ಷರ ಎಣಿಸಬೇಕು. 'ಬರೆದುಕೊಟ್ಟಿದ್ದಾನಂತೆ' ಒಂದೇ ಪದ, ಓದಲು ಇಂಗ್ಲಿಷಿನ ನಾಲ್ಕೈದು ಪದದ ಹೊತ್ತು ಬೇಕು. ಸೆಕೆಂಡಿಗೆ 6ರಿಂದ 8 ಅಕ್ಷರ, ಸಾಲಿಗೆ 22 ಮೀರದಂತೆ ಎರಡು ಸಾಲು, ಎಷ್ಟು ಚಿಕ್ಕ ಮಾತಾದರೂ 2 ಸೆಕೆಂಡು, ಈ ಅಳತೆ ಇಟ್ಟುಕೊಳ್ಳಿ. ಕಾರ್ಡು ಹೋದ ಮೇಲೂ ಬರಹ ಒಂದು ಸೆಕೆಂಡು ಉಳಿದರೆ ಪರವಾಗಿಲ್ಲ, ಆದರೆ ಮುಂದಿನ ದೃಶ್ಯದಲ್ಲಿ ತಾಯಿಯ ಮುಖ ಹತ್ತಿರದಿಂದ ಬರುವ ಕಡೆ ಉಳಿಯಬಾರದು. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡುವವರು ಯೂನಿಕೋಡ್ ಆಯ್ಕೆ ಇಟ್ಟಿದ್ದಾರೆಯೇ ನೋಡಿ. ಹಳೆಯ ಫಾಂಟಿನಲ್ಲಿ ಮಾಡಿದ ಫೈಲು ಪರದೆಯ ಮೇಲೆ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಬೀಳುತ್ತದೆ. ಯೂನಿಕೋಡ್ ಆದರೂ ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಒಡೆಯುತ್ತದೆ. 'ರಾಷ್ಟ್ರ', 'ಸ್ತ್ರೀ' ಎರಡು ಪದ ಹಾಕಿ ಪರೀಕ್ಷಿಸಿ, ಒಡೆದರೆ ಬರಹವನ್ನು ಚಿತ್ರದಲ್ಲೇ ಅಚ್ಚೊತ್ತಿಸಿ. ವೇಗ ಸರಿ ಮಾಡಿದ ಫೈಲಿಗೇ ಈ ಕೆಲಸ ಮಾಡಬೇಕು. ಹಳೆಯ 80 ನಿಮಿಷದ ಫೈಲಿಗೆ ಹೊಂದಿಸಿಕೊಂಡು ಕೂತರೆ ಎಲ್ಲವೂ ಮತ್ತೆ ಮೊದಲಿಂದ.

ಅನುವಾದದಲ್ಲಿ ಒಂದು ಪದಕ್ಕೆ ಹೊತ್ತು ಕೊಡಿ. ಮಗ ತಾಯಿಯನ್ನು ಕರೆಯುವ 'ಮ್ಯೂಟರ್‌ಖೆನ್' ಜರ್ಮನ್ನಿನ ಮುದ್ದಿನ ರೂಪ, ಅಮ್ಮ ಎಂಬುದಕ್ಕೆ ಪುಟ್ಟದು ಎಂಬ ಪ್ರತ್ಯಯ ಸೇರಿದ್ದು. ಅಮೆರಿಕದ ಸೈನ್ಯ ಸೇರಿದ ಮಗ ಜೋಸೆಫ್ ರಣರಂಗದ ಕತ್ತಲಲ್ಲಿ ಹೀಗೆ ಕರೆಯುತ್ತಾ ನರಳುವ ಶತ್ರುವೊಬ್ಬನ ಬಳಿ ಹೋದಾಗ ಅಲ್ಲಿ ಸಾಯುತ್ತಿರುವವನು ತನ್ನ ತಮ್ಮ ಆಂಡ್ರಿಯಾಸ್. ಆ ಕರೆಯನ್ನು 'ಮಾತೆ' ಎಂದೋ 'ತಾಯೇ' ಎಂದೋ ಬರೆದರೆ ಕೆಟ್ಟಿತು, ಕಂಪನಿ ನಾಟಕವಾಗುತ್ತದೆ. ನಿಮ್ಮ ಸಭೆಗೆ 'ಅವ್ವಾ' ಸಾಕು. ಓದಿ ಹೇಳುವವರಿಗೂ ಇದೇ ಕಟ್ಟಳೆ: ಓದಬೇಕು, ನಟಿಸಬಾರದು. ಅಳುವ ದನಿ ತಂದರೆ ಹಿಂದಿನ ಸಾಲಿಗೆ ನಗಲು ಹೊಸ ಕಾರಣ ಸಿಕ್ಕಿದ ಹಾಗೆ.

ಸಂಗೀತ. ಮೂಕಿ ಚಿತ್ರ ಎಂದರೆ ನಿಶ್ಶಬ್ದದಲ್ಲಿ ನೋಡುವುದು ಎಂಬ ಭ್ರಮೆ ಇದೆ. ದೊಡ್ಡ ಟಾಕೀಸಿನಲ್ಲಿ ವಾದ್ಯವೃಂದ, ಸಣ್ಣದರಲ್ಲಿ ಪಿಯಾನೊ, ನಮ್ಮಲ್ಲಿ ಹಾರ್ಮೋನಿಯಂ ತಬಲಾ, ಏನಾದರೂ ಇದ್ದೇ ಇರುತ್ತಿತ್ತು. ಈ ಚಿತ್ರದ ಮೂಲ ಸಂಗೀತ ಕೂಡಿಸಿದವರಲ್ಲಿ ಮುಖ್ಯರು ಎರ್ನೊ ರಾಪೆ. ತಾಯಿಯ ಕುರಿತ ಒಂದು ಹಾಡಿನ ಧಾಟಿಯೇ ಅದರ ಬೆನ್ನೆಲುಬು. ನಿಮ್ಮವರು ನುಡಿಸಲಿ, ಖಂಡಿತ. ಪಿಟೀಲು, ಹಾರ್ಮೋನಿಯಂ, ತಂಬೂರಿ ಸಾಕು. ತಬಲಾದ ಬಗ್ಗೆ ಮಾತ್ರ ಯೋಚಿಸಿ. ತಾಳ ಹಿಡಿದರೆ ಆವರ್ತನ ಮುಗಿಸುವ ಹಂಬಲ ನುಡಿಸುವವರಿಗೆ ಬಂದೇ ಬರುತ್ತದೆ, ಚಿತ್ರ ತಾಳದ ಮೊದಲ ಪೆಟ್ಟಾದ ಸಮ್‌ಗೆ ಕಾಯುವುದಿಲ್ಲ. ಮೊದಲ ಭಾಗದ ಊರ ಸಡಗರಕ್ಕೆ ತಬಲಾ ಇರಲಿ, ಯುದ್ಧ ಶುರುವಾದ ಮೇಲೆ ಎಡಗೈಯ ಡಗ್ಗಾದ ಗುಮ್ಮೆನ್ನುವ ಸದ್ದು ಅಲ್ಲೊಂದು ಇಲ್ಲೊಂದು ಸಾಕು.

ಇಡೀ ಚಿತ್ರವನ್ನು 35-40 ತುಂಡು ಮಾಡಿ, ಪ್ರತಿ ತುಂಡಿಗೂ ನಿಮಿಷ-ಸೆಕೆಂಡು, ದೃಶ್ಯದ ಗುರುತು, ಏನು ನುಡಿಸಬೇಕು ಎಂದು ಒಂದು ಹಾಳೆ ಮಾಡಿ. ತಾಯಿಗೆ ಒಂದು ಧಾಟಿ, ಅಂಚೆಯವನಿಗೆ ಒಂದು, ಇಷ್ಟೇ ಮುಖ್ಯ. ಯಾಕೆಂದರೆ ಫೋರ್ಡ್ ಚಿತ್ರ ಕಟ್ಟಿರುವ ರೀತಿಯೇ ಮರುಕಳಿಕೆ. ಜಂಬದ, ದಪ್ಪ ಮೀಸೆಯ, ಊರಿಗೆಲ್ಲ ಬೇಕಾದ ಅಂಚೆಯವನು ಮೊದಲು ಬರುವುದು ನಗುನಗುತ್ತಾ. ಅದೇ ಮನುಷ್ಯ, ಅದೇ ಬೀದಿ, ಅದೇ ಬಾಗಿಲು, ಆಮೇಲೆ ಕೈಯಲ್ಲಿ ಕಪ್ಪಂಚಿನ ಲಕೋಟೆ. ಹಿರಿಯ ಮಕ್ಕಳಿಬ್ಬರು ಪೂರ್ವದ ರಣರಂಗದಲ್ಲಿ ಹೋದ ಸುದ್ದಿ ಹೀಗೆ ಬರುತ್ತದೆ, ಮೂರನೆಯವನದೂ ಹೀಗೆಯೇ. ಮೊದಲ ಸಲ ಲವಲವಿಕೆಯಿಂದ ನುಡಿಸಿದ್ದೇ ಧಾಟಿಯನ್ನು ಎರಡನೆಯ ಸಲ ಅರ್ಧ ವೇಗದಲ್ಲಿ, ಗಮಕವಿಲ್ಲದೆ ನುಡಿಸಿ, ಲಕೋಟೆ ಕೈಬದಲಾಗುವಾಗ ನಿಲ್ಲಿಸಿಬಿಡಿ. 20-30 ಸೆಕೆಂಡು ಏನೂ ಬೇಡ, ತಂಬೂರಿಯೂ ಬೇಡ. ಶೋಕ ಎಂದ ಕೂಡಲೇ ಶಿವರಂಜನಿ ರಾಗಕ್ಕೆ ಓಡುವ ಚಾಳಿ ನಮ್ಮ ಸಿನಿಮಾದವರದು, ಅದನ್ನು ಬಿಡಿ. ತಾಯಿಯ ಪಾತ್ರ ಮಾಡಿದ ಮಾರ್ಗರೆಟ್ ಮ್ಯಾನ್ ಅಲ್ಲಿಯವರೆಗೆ ಹೆಚ್ಚಾಗಿ ಗುಂಪಿನಲ್ಲಿ ನಿಲ್ಲುತ್ತಿದ್ದ, 60ರ ಹೊಸ್ತಿಲಲ್ಲಿದ್ದ ಹೆಂಗಸು. ಆಕೆ ಎದೆ ಬಡಿದುಕೊಳ್ಳುವುದಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಲ್ಲುತ್ತಾಳೆ. ಪಿಟೀಲು ಆಕೆಗಿಂತ ಹೆಚ್ಚು ಅಳಬಾರದು.

ವಾದ್ಯದವರು ಪರದೆ ಕಾಣುವ ಹಾಗೆ ಪಕ್ಕದಲ್ಲಿ ಕೂರಲಿ, ಹಾಳೆಗೆ ಬೆಳಕು ಬೇಕು, ಆ ಬೆಳಕು ಪರದೆಗೆ ಚೆಲ್ಲಬಾರದು. ಸರಿಪಡಿಸಿದ ಫೈಲಿನ ಜೊತೆ ಕಡಿಮೆಯೆಂದರೆ ಎರಡು ತಾಲೀಮು.

ಕೊನೆಯ ಭಾಗ ಕತ್ತರಿಸುವ ವಿಚಾರ. ಮೊದಲು ಅದರಲ್ಲಿರುವ ಸುಳ್ಳನ್ನು ಹೇಳಿಬಿಡುತ್ತೇನೆ. ಉಳಿದೊಬ್ಬ ಮಗನನ್ನು ಸೇರಲು ಹೊರಟ ತಾಯಿ ಅಕ್ಷರ ಕಲಿಯದೆ ಎಲ್ಲಿಸ್ ದ್ವೀಪದ ವಲಸೆ ಕಚೇರಿ ದಾಟುವಂತಿಲ್ಲ ಎನ್ನುತ್ತದೆ ಚಿತ್ರ. ಅಧ್ಯಕ್ಷ ವಿಲ್ಸನ್ ತಿರಸ್ಕರಿಸಿದರೂ ಅಮೆರಿಕದ ಸಂಸತ್ತು 1917ರಲ್ಲಿ ಜಾರಿಗೆ ತಂದ ಕಾಯ್ದೆಯಲ್ಲಿ 16 ವರ್ಷ ಮೀರಿದ ವಲಸಿಗರಿಗೆ ಓದುವ ಪರೀಕ್ಷೆ ಇದ್ದದ್ದು ನಿಜ. ಆದರೆ ಪರೀಕ್ಷೆ 30ರಿಂದ 40 ಸಾಮಾನ್ಯ ಪದಗಳನ್ನು ಓದುವುದು, ಅದೂ ವಲಸಿಗರೇ ಆರಿಸಿಕೊಂಡ ಭಾಷೆಯಲ್ಲಿ. ಅದಕ್ಕಿಂತ ದೊಡ್ಡದು, ಅಲ್ಲಿ ನೆಲೆಸಿದ ಮಗ ಕರೆಸಿಕೊಳ್ಳುವ ತಾಯಿಗೆ ಓದು ಬಾರದಿದ್ದರೂ ಅದೇ ಕಾಯ್ದೆ ವಿನಾಯಿತಿ ಕೊಟ್ಟಿತ್ತು. ಚಿತ್ರದ ಈ ತಾಯಿಗೆ, ಅಂದರೆ ಬರ್ನ್ಲೆ ಅಜ್ಜಿಗೆ, ಈ ಪರೀಕ್ಷೆ ಬೇಕಿರಲೇ ಇಲ್ಲ. ಇತಿಹಾಸದ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ.

ಹೇಳಿ, ಆದರೆ ಕತ್ತರಿಸಬೇಡಿ. ಐ.ಎ.ಆರ್. ವೈಲಿ ಬರೆದ ಮೂಲ ಕಥೆಯ ಹೆಸರೇ ಬರ್ನ್ಲೆ ಅಜ್ಜಿ ಅಕ್ಷರ ಕಲಿತದ್ದನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಪತ್ರಕ್ಕೂ ಅಕ್ಷರಕ್ಕೂ 'ಲೆಟರ್' ಒಂದೇ ಪದ. ಕಪ್ಪಂಚಿನ ಲೆಟರ್‌ಗಳಲ್ಲಿ ಮಕ್ಕಳನ್ನು ಕಳೆದುಕೊಂಡವಳು ಎಳೆಯ ಮಕ್ಕಳ ಜೊತೆ ಕೂತು ಲೆಟರ್ ತಿದ್ದುತ್ತಾಳೆ. ಕನ್ನಡದಲ್ಲಿ ಈ ಶ್ಲೇಷೆ ಸಿಗುವುದಿಲ್ಲ, ಕಾರ್ಡು ಓದುವವರು ಪ್ರಸ್ತಾವನೆಯಲ್ಲೇ ಒಂದು ಮಾತಿನಲ್ಲಿ ತಿಳಿಸಲಿ. ಈ ಭಾಗ ತೆಗೆದರೆ ಉಳಿಯುವುದು ಸಾವುಗಳ ಪಟ್ಟಿ ಮತ್ತು ಫಾನ್ ಸ್ಟಾಮ್ ಎಂಬ ದುಷ್ಟ ಅಧಿಕಾರಿಗೆ ಆಗುವ ಶಾಸ್ತಿ. ನನ್ನ ಲೆಕ್ಕದಲ್ಲಿ ಚಿತ್ರದ ನಿಜವಾದ ದೌರ್ಬಲ್ಯ ಅದು: ಯುದ್ಧದ ಪಾಪವನ್ನೆಲ್ಲ ಒಬ್ಬ ಮೇಜರನ ತಲೆಗೆ ಕಟ್ಟಿ ಕೈತೊಳೆದುಕೊಂಡಿದೆ. ಚರ್ಚೆಗೆ ಎಳೆಯುವುದಾದರೆ ಅದನ್ನು ಎಳೆಯಿರಿ. ಯುದ್ಧ ಮುಗಿದು ಹತ್ತು ವರ್ಷ ತುಂಬುವ ಮೊದಲೇ ಹಾಲಿವುಡ್ ಒಬ್ಬ ಜರ್ಮನ್ ತಾಯಿಗಾಗಿ ಅಳುವ ಚಿತ್ರ ಮಾಡಿತು ಎಂಬುದನ್ನೂ ಸೇರಿಸಿ. ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಾಡಿದ್ದು ಇದೇ ಯುದ್ಧದಲ್ಲಿ. ಐದು ನಿಮಿಷದ ಪ್ರಸ್ತಾವನೆಯಲ್ಲಿ ಅದಕ್ಕೂ ಜಾಗವಿದೆ. ನಡುವೆ ವಿರಾಮ ಬೇಕೇ ಬೇಕು ಎಂದರೆ ಯುದ್ಧ ಶುರುವಾಗುವ ಮುಂಚೆ ಕೊಡಿ. ಲಕೋಟೆ ಬಂದ ಮೇಲೆ ಚಹಾಕ್ಕೆ ಬಿಡಬೇಡಿ.

ಹಕ್ಕುಗಳು. 1928ರ ಈ ಚಿತ್ರ ಅಮೆರಿಕದಲ್ಲಿ 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ಭಾರತದಲ್ಲಿ ಚಲನಚಿತ್ರದ ಹಕ್ಕು ಪ್ರಕಟಣೆಯಿಂದ 60 ವರ್ಷ, ಅದು ಮುಗಿದು ಎಷ್ಟೋ ಕಾಲವಾಯಿತು. ವೈಲಿ ತೀರಿಕೊಂಡದ್ದು 1959ರಲ್ಲಿ, 60 ವರ್ಷದ ಲೆಕ್ಕದಲ್ಲಿ ಮೂಲ ಕಥೆಯ ಹಕ್ಕೂ 2019ರ ಕೊನೆಗೆ ತೀರಿತು. ಉಳಿಯುವುದು ಆಮೇಲಿನವರು ಸೇರಿಸಿದ್ದು: ಡಿವಿಡಿಗೆಂದು ಹೊಸದಾಗಿ ಮಾಡಿಸಿದ ಸಂಗೀತ, ಇನ್ನೊಬ್ಬರ ಸಬ್‌ಟೈಟಲ್. ಕುಣಿಯುವ ಪಿಯಾನೊ ಯಾರದೋ ಗೊತ್ತಿಲ್ಲದಿರುವಾಗ ಅದನ್ನು ತೆಗೆಯುವುದಕ್ಕೆ ಇದೂ ಒಂದು ಕಾರಣ. ಕಾರ್ಯಕ್ರಮದ ವಿಡಿಯೊ ಯೂಟ್ಯೂಬಿಗೆ ಹಾಕುವುದಾದರೆ ನಿಮ್ಮ ವಾದ್ಯದವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಹಕ್ಕು ಮುಗಿದಿದೆ ಎಂದರೆ ಸೆನ್ಸಾರ್ ಬೇಡ ಎಂದಲ್ಲ. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಮಾಣಪತ್ರದ ಪ್ರಶ್ನೆ ಬೇರೆಯೇ ಇದೆ. ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರು ಇಷ್ಟಕ್ಕೇ ಸೀಮಿತವಾಗಿ, ಟಿಕೆಟ್ ಇಲ್ಲದೆ, ಕಾಲೇಜಿನ ಕಾರ್ಯಕ್ರಮವಾಗಿ ಮಾಡಿ. ಊರಿಗೆಲ್ಲ ಬಾಗಿಲು ತೆರೆಯುವ ಆಸೆಯಿದ್ದರೆ ಫಿಲ್ಮ್ ಸೊಸೈಟಿಗಳ ಒಕ್ಕೂಟದಲ್ಲಿ ಅಥವಾ ಬೆಂಗಳೂರಿನ ಸುಚಿತ್ರಾದಂಥ ಹಳೆಯ ಸಂಘದವರಲ್ಲಿ ಮೊದಲೇ ವಿಚಾರಿಸಿ.

ಹಿಂದಿನ ದಿನ ಸಂಜೆ ದೀಪ ಆರಿಸಿ, ಅದೇ ಲ್ಯಾಪ್‌ಟಾಪ್, ಅದೇ ಕೇಬಲ್, ಅದೇ ಪ್ರೊಜೆಕ್ಟರ್‌ನಲ್ಲಿ ಮೊದಲ 10 ನಿಮಿಷ, ಮೊದಲ ಕಪ್ಪಂಚಿನ ಲಕೋಟೆಯ ದೃಶ್ಯ, ಕೊನೆಯ 5 ನಿಮಿಷ ಹಾಕಿ ನೋಡಿ. ನೀವು ಕೂರಬೇಕಾದದ್ದು ಹಿಂದಿನ ಸಾಲಿನಲ್ಲಿ, ನಕ್ಕ ಹುಡುಗರು ಕೂತಿದ್ದ ಜಾಗದಲ್ಲೇ. ಕಾರ್ಡಿನ ನಾಲ್ಕೂ ಅಂಚು ಅಲ್ಲಿಂದ ಕಾಣಬೇಕು, ಲ್ಯಾಪ್‌ಟಾಪಿನ ಸ್ಕ್ರೀನ್‌ಸೇವರ್ ಆಫ್ ಆಗಿರಬೇಕು.